ಮೂರು ದಿನ ಬಾಳುವ ನೀರು

"ಬಾಯಿ ಮುಚ್ಚಮ್ಮ! ನೀನು ಸೋಸದ ನೀರು ಹಾಕಿದೆ, ಮಿಷನ್ನು ಕೆಟ್ಟಿತು. ಅಷ್ಟೇ ಬರೆದಿರೋದು. ರುಜು ಹಾಕು."

"ಹದಿನಾಲ್ಕು ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನ ನಾನು ಸೋಸದ ನೀರು ಹಾಕಿದ್ದು ತೋರಿಸಿ ಸಾರ್. ಈ ಕೈ ಕಡಿದು ಇಲ್ಲೇ ಇಟ್ಟು ಹೋಗ್ತೀನಿ."

"ನಿನ್ನ ಕೈ ಯಾರಿಗೆ ಬೇಕು? ಅದು ಹಾಕೋ ರುಜು ಬೇಕು."

ಆಸ್ಪತ್ರೆಯ ಖರೀದಿ ಸಾಹೇಬರು ತಮ್ಮ ಮಾತಿಗೆ ತಾವೇ ನಕ್ಕರು. ಮೇಜಿನ ಈಚೆ ನಿಂತಿದ್ದ ಹೆಂಗಸು ನಗಲಿಲ್ಲ. ಪಕ್ಕದ ಕುರ್ಚಿಯಲ್ಲಿ ಪ್ರಯೋಗಾಲಯದ ಡಾಕ್ಟರಮ್ಮ ನೆಲ ನೋಡುತ್ತ ಕೂತಿದ್ದರು.

ಆ ದೊಡ್ಡಾಸ್ಪತ್ರೆಯ ಹಿಂದಿನ ಕಟ್ಟಡದ ಮೂರನೇ ಮಹಡಿಯಲ್ಲಿ ಕ್ಯಾನ್ಸರ್ ಗಡ್ಡೆಗಳನ್ನು ಪರೀಕ್ಷೆ ಮಾಡುವ ಪ್ರಯೋಗಾಲಯ ಇದೆ. ಅಲ್ಲಿ ಈ ಹೆಂಗಸನ್ನು ಎಲ್ಲರೂ ನೀರಕ್ಕ ಅಂತಲೇ ಕರೆಯುವುದು. ಅಲ್ಲಿದ್ದ ಮಿಷನ್ನಿಗೆ ನೀರು ಮಾಡಿ ಕೊಡುತ್ತಿದ್ದವಳು ಅವಳು. ಲಿಕ್ವಿಡ್ ಕ್ರೊಮಟೋಗ್ರಫಿ ಮಿಷನ್ನು. ಹೆಸರಿಗೆ ನಾಲಿಗೆ ತಿರುಗದಿದ್ದರೆ ಬಿಡಿ, ಕೆಲಸ ಕೇಳಿ. ಗಡ್ಡೆಯ ಚೂರನ್ನು ಅರೆದು ಕರಗಿಸಿ ಒಳಗೆ ಬಿಟ್ಟರೆ, ಪಂಪು ಅದನ್ನು ನೀರಿನ ಜೊತೆ ಒಂದು ಗೇಣಿಗಿಂತ ಚಿಕ್ಕ ಉಕ್ಕಿನ ಕೊಳವೆಯಲ್ಲಿ ನೂಕುತ್ತದೆ. ಮೊರದಲ್ಲಿ ಕೇರಿದಾಗ ಕಾಳು ಹೊಟ್ಟು ಬೇರೆಯಾಗುವ ಹಾಗೆ, ಆಚೆ ತುದಿಯಲ್ಲಿ ಪ್ರೋಟೀನುಗಳು ಬೇರೆಬೇರೆಯಾಗಿ ಬರುತ್ತವೆ. ಗಡ್ಡೆಗೆ ಸೊಕ್ಕು ಏರಿಸುವ ಪ್ರೋಟೀನು ಯಾವುದು ಅಂತ ಡಾಕ್ಟರಮ್ಮ ಅದರಲ್ಲಿ ಹುಡುಕುತ್ತಿದ್ದರು.

ಆ ನೀರಿನಲ್ಲಿ ಕಣ್ಣಿಗೆ ಕಾಣದ ಧೂಳೂ ಇರಬಾರದು, ಗಾಳಿಯೂ ಇರಬಾರದು. ನೀರಕ್ಕ ಬೆಳಗ್ಗೆ ಎಂಟಕ್ಕೆ ಬಂದು, ಸಿಗರೇಟಿನ ಹಾಳೆಯಂಥ ತೆಳುವಾದ ಬಿಲ್ಲೆಯಲ್ಲಿ ನೀರು ಸೋಸಿ, ಗಾಳಿ ತೆಗೆದು, ಬಾಟಲಿಗೆ ತುಂಬಿ, ದುಂಡಗೆ ತಾರೀಖು ಬರೆಯುತ್ತಿದ್ದಳು. ಮೂರು ದಿನ ಕಳೆದರೆ ಮಿಕ್ಕದ್ದನ್ನು ಚೆಲ್ಲುತ್ತಿದ್ದಳು. ಪಂಪಿನ ಸದ್ದು ಕೇಳಿಯೇ, "ಮೇಡಂ, ಇವತ್ತು ಇದಕ್ಕೆ ಉಬ್ಬಸ" ಅನ್ನುವಳು. ನೋಡಿದರೆ ಒಳಗೆ ಗಾಳಿಗುಳ್ಳೆ ಸಿಕ್ಕಿಕೊಂಡಿರುತ್ತಿತ್ತು.

ಅಂಥವಳು ಕೊಳೆನೀರು ಹಾಕಿದಳಂತೆ.

ಮಿಷನ್ನು ಸತ್ತದ್ದು ನೀರಿನಿಂದಲ್ಲ. ಪಂಪಿನೊಳಗೆ ಉಗುರಿನಷ್ಟು ಗಾತ್ರದ ಒಂದು ಉಂಗುರ ಇರುತ್ತದೆ, ಸೀಲ್ ಅಂತಾರೆ. ವರ್ಷಕ್ಕೊಮ್ಮೆ ಬದಲಿಸಬೇಕು. ಡಾಕ್ಟರಮ್ಮ ಚೀಟಿ ಬರೆದು ಕೊಟ್ಟರು. ನೀರಕ್ಕ ಅದನ್ನು ಖರೀದಿ ಸಾಹೇಬರ ಮೇಜಿಗೆ ಒಯ್ದಳು. ಒಂದು ಸಲ ಅಲ್ಲ, ಹನ್ನೊಂದು ಸಲ. "ಮೂರು ಕಂಪನಿಯ ದರಪಟ್ಟಿ ತಗೊಂಡು ಬಾ" ಅಂದರು ಸಾಹೇಬರು. ಆ ಸೀಲ್ ಮಾಡುವುದು ಒಂದೇ ಕಂಪನಿ ಅಂದಳು. "ಹಾಗಾದ್ರೆ ಮಿಕ್ಕ ಎರಡು ಕಂಪನಿ ನೀನೇ ಶುರು ಮಾಡು" ಅಂದರು. ಹೀಗೇ ಮೂರು ವರ್ಷ. ಪರೀಕ್ಷೆಗೆ ಅಂತ ಸೋಸಿದ ನೀರಿಗೆ ಉಪ್ಪು ಬೆರೆಸುತ್ತಾರೆ. ಸವೆದ ಸೀಲಿನ ಸಂದಿಯಲ್ಲಿ ಆ ಉಪ್ಪುನೀರು ಒಸರಿತು, ಉಪ್ಪು ಗಟ್ಟಿಯಾಯಿತು, ನೀರು ನೂಕುವ ಒಳಗಿನ ದಂಡವನ್ನು ಗೀರಿತು. ಒಂದು ಮಧ್ಯಾಹ್ನ ಪಂಪು ಕಿರುಚಿ ನಿಂತೇಹೋಯಿತು.

ಈಗ ಹೊಸದು ಬೇಕು. ಅದಕ್ಕೊಂದು ನಮೂನೆ ಫಾರಂ. ಹಳೆಯದು ಯಾಕೆ ಕೆಟ್ಟಿತು ಅಂತ ಅದರಲ್ಲಿ ಬರೆಯಬೇಕು. ವಯಸ್ಸಾಗಿ ಕೆಟ್ಟಿತು ಅಂದರೆ ಮೂರು ವರ್ಷ ಸರದಿ ಕಾಯಬೇಕು. ಸೀಲ್ ಇಲ್ಲದೆ ಕೆಟ್ಟಿತು ಅಂದರೆ ಸಾಹೇಬರ ಮೇಲೆ ವಿಚಾರಣೆ. ಕೆಲಸದವರ ಕೈತಪ್ಪು ಅಂದರೆ ತುರ್ತು ಖರೀದಿ, ನಾಲ್ಕೇ ತಿಂಗಳು. ಕೆಲಸದವರು ಅಂದರೆ ಯಾರು? ಗುತ್ತಿಗೆಯವಳು, ಏಳನೇ ಕ್ಲಾಸಿನವಳು, ಬೆನ್ನಿಗೆ ಯಾರೂ ಇಲ್ಲದವಳು. ಇಷ್ಟು ಬುದ್ಧಿ ಓಡಿಸುವವರಿಗೆ ಉಗುರಿನಷ್ಟು ಉಂಗುರ ತರಿಸುವುದು ಗೊತ್ತಾಗಲಿಲ್ಲ.

ಡಾಕ್ಟರಮ್ಮ ಅವಳನ್ನು ವರಾಂಡಕ್ಕೆ ಕರೆದುಕೊಂಡು ಬಂದರು.

"ತಪ್ಪು ನಿನ್ನದಲ್ಲ ಅಂತ ನನಗೆ ಗೊತ್ತು ನೀರಕ್ಕ."

"ಅದನ್ನ ಒಳಗೆ ಹೇಳಬಹುದಿತ್ತಲ್ಲ ಮೇಡಂ. ಅಲ್ಲೂ ಇದೇ ಬಾಯಿ ಇತ್ತಲ್ಲ."

"ಹೇಳಿದ್ರೆ ಮಿಷನ್ನು ಬರಲ್ಲ. ಫ್ರೀಜರಿನಲ್ಲಿ ಇನ್ನೂರ ಹನ್ನೆರಡು ಜನರ ಗಡ್ಡೆ ಇದೆ. ಆ ಫ್ರೀಜರೂ ಇವತ್ತೋ ನಾಳೆಯೋ ಅಂತಿದೆ. ಮೂರು ವರ್ಷ ತಡೆಯಲ್ಲ." ಆಮೇಲೆ ದನಿ ಇಳಿಸಿದರು. "ಅದರಲ್ಲಿ ನಿನ್ನ ತಂಗೀದೂ ಇದೆಯಲ್ವಾ."

ಅದನ್ನು ಹೇಳಬಾರದಿತ್ತು. ಹೇಳಿಬಿಟ್ಟರು.

ತಂಗಿ ಹೋಗಿ ಎರಡು ವರ್ಷ. ಆಪರೇಷನ್ನಿನ ಹಿಂದಿನ ದಿನ, ಗಡ್ಡೆಯ ಚೂರು ಸಂಶೋಧನೆಗೆ ಕೊಡ್ತೀಯಾ ಅಂತ ಕಾಗದ ಹಿಡಿದಾಗ ಅವಳು ನಕ್ಕಿದ್ದಳು. "ಅಕ್ಕಾ, ನೀನಿರೋ ಕಡೆಗೇ ತಾನೇ ಹೋಗೋದು? ಕೊಡು, ಸೈನ್ ಹಾಕ್ತೀನಿ. ನಾನಿಲ್ಲದಿದ್ರೂ ದಿನಾ ನಿನ್ನ ಜೊತೆ ಡ್ಯೂಟೀಲಿರ್ತೀನಿ." ಫ್ರೀಜರಿನ ಎರಡನೇ ಖಾನೆ, ಏಳನೇ ಡಬ್ಬಿ. ನೀರಕ್ಕ ಸಂಜೆ ಮನೆಗೆ ಹೊರಡುವ ಮುಂಚೆ ಫ್ರೀಜರಿನ ಬಾಗಿಲಿನ ಹಿಮ ಒರೆಸಿ, "ಬರ್ತೀನಿ ಕಣೇ" ಅಂದು ಹೋಗುತ್ತಿದ್ದಳು.

ಅವಳು ವರಾಂಡದಿಂದ ಸಾಹೇಬರ ಕೋಣೆಗೆ ವಾಪಸು ಹೋದಳು. ದುಂಡಗೆ ರುಜು ಹಾಕಿದಳು.

ಅವತ್ತು ಮನೆಯಲ್ಲಿ ತಟ್ಟೆ ಮುಂದೆ ಸುಮ್ಮನೆ ಕೂತಳು. ತಂಗಿಯ ಮಗಳು ಕೇಳಿದಳು, "ಯಾಕೆ ದೊಡ್ಡಮ್ಮ, ಊಟ ಸೇರ್ತಿಲ್ವಾ? ನಾನು ಮಾಡಿದ್ದು ಅಂತಾನಾ?"

"ಸುಳ್ಳಿಗೆ ಸೈನ್ ಹಾಕಿ ಬಂದೆ ಕಣೇ."

ಹುಡುಗಿ ನಡೆದದ್ದನ್ನೆಲ್ಲ ಕೇಳಿ ತಿಳಿದುಕೊಂಡಳು. "ಅಮ್ಮನಿಗೋಸ್ಕರಾನಾ?"

"ಅಮ್ಮನಿಗೂ ಹೌದು, ನಿನಗೂ ಹೌದು. ನಾಳೆ ನಿನಗೂ ಬರುತ್ತೇನೋ ಅನ್ನೋ ಭಯ ನನಗಿಲ್ವಾ?"

"ಜನ ನಿನ್ನನ್ನ ಕೆಲಸಗೇಡಿ ಅಂತಾರೆ."

"ಅನ್ನಲಿ ಬಿಡು. ಡಾಕ್ಟರಮ್ಮನಿಗೆ ನಿಜ ಗೊತ್ತು. ಒಬ್ಬರಿಗೆ ಗೊತ್ತಿದ್ರೆ ಸಾಕು."

ಅವಳಂತೆ ನೀರು ಮಾಡಲು ಬೇರೆ ಯಾರಿಗೂ ಬಾರದ್ದರಿಂದ ಕೆಲಸ ಉಳಿಯಿತು. ಆ ಒಂದು ಮಾತನ್ನು ಹಿಡಿದುಕೊಂಡು ಅವಳು ನಾಲ್ಕು ತಿಂಗಳು ನೂಕಿದಳು.

ಹೊಸ ಮಿಷನ್ನು ಮೂರು ಮರದ ಪೆಟ್ಟಿಗೆಯಲ್ಲಿ ಬಂತು. ಕಂಪನಿಯ ಎಂಜಿನಿಯರು ಎರಡು ದಿನ ಕೂತು ಜೋಡಿಸಿದ. ಮೂರನೇ ದಿನ ಚಾಲೂ ಮಾಡುವುದನ್ನು ನೋಡಲು ಸಾಹೇಬರು, ದೊಡ್ಡ ಡಾಕ್ಟರುಗಳು ಎಲ್ಲ ಬಂದು ಸುತ್ತ ನಿಂತರು. ನೀರಕ್ಕ ಬೆಳಗ್ಗೆಯೇ ಸೋಸಿಟ್ಟ ನೀರನ್ನು ಎಂಜಿನಿಯರು ಹಾಕಿದ. ಪಂಪು ಒಂದು ಚೂರೂ ಕೆಮ್ಮದೆ ಶುರುವಾಯಿತು. ಪರದೆಯ ಮೇಲೆ ಗೆರೆ ದಾರ ಎಳೆದಂತೆ ನೆಟ್ಟಗೆ ಹೋಯಿತು.

"ಇಷ್ಟು ಚೊಕ್ಕ ನೀರು ನಾನು ಎಲ್ಲೂ ನೋಡಿಲ್ಲ" ಅಂದ ಎಂಜಿನಿಯರು. "ಯಾರು ಮಾಡಿದ್ದು?"

ಬಾಗಿಲ ಹತ್ತಿರ ನಿಂತಿದ್ದ ನೀರಕ್ಕ ಒಂದು ಹೆಜ್ಜೆ ಮುಂದೆ ಬಂದಳು.

"ಅಯ್ಯಯ್ಯೋ, ಇವಳನ್ನ ಹತ್ತಿರ ಸೇರಿಸಬೇಡಿ!" ಸಾಹೇಬರು ಕೈ ಅಡ್ಡ ಹಿಡಿದರು. "ಹಳೇದಕ್ಕೆ ಕೊಳೆನೀರು ಕುಡಿಸಿ ಕೊಂದವಳು ಇವಳೇ. ಬರೆದು ಕೊಟ್ಟಿದ್ದಾಳೆ, ಬೇಕಾದ್ರೆ ನೋಡಿ, ನನ್ನ ಹತ್ತಿರ ಇದೆ."

ಎಲ್ಲರೂ ನಕ್ಕರು. ದೊಡ್ಡ ಡಾಕ್ಟರುಗಳೂ ನಕ್ಕರು. ನೀರಕ್ಕ ಡಾಕ್ಟರಮ್ಮನ ಮುಖ ನೋಡಿದಳು. ಮಿಷನ್ನು ಬಂದಾಗಿತ್ತು. ಇನ್ನು ಯಾರೂ ಅದನ್ನು ವಾಪಸು ಹೊತ್ತುಕೊಂಡು ಹೋಗುತ್ತಿರಲಿಲ್ಲ. ಇಲ್ಲ ಸಾರ್, ಅದು ಹಾಗಲ್ಲ, ಅಂದಿದ್ದರೆ ಸಾಕಿತ್ತು.

ಡಾಕ್ಟರಮ್ಮ ಎಂಜಿನಿಯರನ ಕಡೆ ತಿರುಗಿದರು. "ಈ ವೈರು ಎಲ್ಲಿಗೆ ಬರುತ್ತೆ?" ಅಂತ ಕೇಳಿದರು.

ನೀರಕ್ಕ ಮೈಮೇಲಿನ ಬಿಳಿ ಕೋಟು ಬಿಚ್ಚಿದಳು. ಮಡಿಸಿ ಸ್ಟೂಲಿನ ಮೇಲಿಟ್ಟಳು.

"ಹನ್ನೊಂದು ಚೀಟಿ ತಂದುಕೊಟ್ಟಿದ್ದೆ ಸಾರ್. ನಿಮ್ಮ ಮೇಜಿನ ಎಡಗಡೆ ಕೆಳಗಿನ ಡ್ರಾಯರಿನಲ್ಲಿ ಬಿದ್ದಿದಾವೆ. ನೀವು ಕೊಂದ್ರಿ, ನಾನು ರುಜು ಹಾಕಿದೆ. ಅಷ್ಟೇ ನಾನು ಮಾಡಿದ ತಪ್ಪು."

ನಗು ನಿಂತಿತು.

"ಏಯ್, ಯಾರ ಮುಂದೆ ಮಾತಾಡ್ತಿದೀಯ ಗೊತ್ತಾ?" ಅಂದರು ಸಾಹೇಬರು.

ಅವಳು ಅತ್ತ ತಿರುಗಲೂ ಇಲ್ಲ. ಮೂಲೆಯ ಫ್ರೀಜರಿನ ಬಳಿ ಹೋಗಿ ಬಾಗಿಲಿನ ಹಿಮವನ್ನು ಸೆರಗಿನಲ್ಲಿ ಒರೆಸಿದಳು. ಅಂಗೈಯನ್ನು ಒಂದು ಗಳಿಗೆ ಅಲ್ಲೇ ಇಟ್ಟಳು. ಬರ್ತೀನಿ ಕಣೇ ಅನ್ನಲಿಲ್ಲ.

"ಮೇಡಂ," ಅಂದಳು, "ಬಾಟಲಿ ಮೇಲೆ ತಾರೀಖು ಬರೆದಿದೀನಿ. ಮೂರು ದಿನ ಬಾಳುತ್ತೆ. ತಂಗೀದನ್ನ ಬೇಗ ನೋಡಿ."

ಮೆಟ್ಟಿಲಿಳಿದು ಹೊರಟುಹೋದಳು.

ನಾಲ್ಕನೇ ದಿನ ಬೆಳಗ್ಗೆ ಎಂಟಕ್ಕೆ ಡಾಕ್ಟರಮ್ಮ ಖಾಲಿ ಬಾಟಲಿ ಹಿಡಿದು ವರಾಂಡದಲ್ಲಿ ನಿಂತಿದ್ದರು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾದಾಗಲೆಲ್ಲ ಬಗ್ಗಿ ನೋಡುತ್ತಿದ್ದರು. ಯಾರು ಯಾರೋ ಬಂದರು. ನೀರಕ್ಕ ಬರಲಿಲ್ಲ.