ಕರೆಂಟು ಬಂದಾಗ ಬರುವ ಸುರಪುರ

ಆ ಆಫೀಸಿನಲ್ಲಿ ನೆಟ್‌ವರ್ಕ್ ಸಾಯುತ್ತಿದ್ದುದು ಕರೆಂಟು ಹೋದಾಗ ಅಲ್ಲ, ಬಂದಾಗ.

ಜಯನಗರದ ಹಳೆಯ ಮನೆಯೊಂದರ ಗೋಡೆ ಒಡೆದು, ತಲೆಯ ಮೇಲೆ ಫಾಲ್ಸ್ ಸೀಲಿಂಗ್ ಹೊದಿಸಿ ಮಾಡಿದ ಆಫೀಸು. ಅಮೆರಿಕದ ಡಾಕ್ಟರುಗಳು ಹೇಳಿ ಕಳಿಸಿದ್ದನ್ನು ಹುಡುಗಿಯರು ಹೆಡ್‌ಫೋನ್ ಸಿಕ್ಕಿಸಿಕೊಂಡು ಟೈಪ್ ಮಾಡುತ್ತಿದ್ದರು. ನೆಟ್‌ವರ್ಕ್ ನೋಡಿಕೊಳ್ಳಲು ಗದಗಿನ ಕಡೆಯ ಸಿದ್ದಾರೂಢ ಹೊಸದಾಗಿ ಸೇರಿದ್ದ. ಅವನಿಗಿಂತ ಮುಂಚೆ ಆ ಕುರ್ಚಿಯಲ್ಲಿ ಕೂರುತ್ತಿದ್ದವನು ಸುರಪುರದ ಭೀಮರಾಯ. ಹಾರ್ಟ್ ಅಟ್ಯಾಕಾಗಿ ಆಫೀಸಿನಲ್ಲೇ ಸತ್ತನಂತೆ. ಮೂವತ್ತೂ ತುಂಬಿರಲಿಲ್ಲ.

ಟೈಪಿಂಗಿನವರ ಕಂಪ್ಯೂಟರಿಗೆ ಅಕೌಂಟ್ಸ್ ಕಂಪ್ಯೂಟರು ಕಾಣಬಾರದು ಎಂದು ಮಾಲೀಕ ಶ್ರೀಕರ್ ಹೇಳಿದ್ದ. ಅದಕ್ಕೆ ಕಂಪ್ಯೂಟರುಗಳ ವೈರೆಲ್ಲ ಬಂದು ಸೇರುವ ಸ್ವಿಚ್ಚಿನ ಪೆಟ್ಟಿಗೆಯಲ್ಲಿ ವಿ-ಲ್ಯಾನ್ ಮಾಡಬೇಕು. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ಹಾಗೆ: ಸೂರು ಒಂದೇ, ಬಾಗಿಲು ಒಂದೇ, ಇವನ ಸಾರಿನ ವಾಸನೆ ಅವನಿಗೆ ಹೋಗಬಾರದು. ಕರೆಂಟು ಹೋಗಿ ಹುಡುಗಿಯರು ಟೀ ಕುಡಿಯುವ ಹೊತ್ತಿನಲ್ಲಿ ಮಾತ್ರ ಸ್ವಿಚ್ ಮುಟ್ಟಲು ಅಪ್ಪಣೆ. ಸ್ವಿಚ್ಚಿಗೆ ಯುಪಿಎಸ್ ಇತ್ತು, ಕರೆಂಟು ಹೋದರೂ ಅದು ಆರುತ್ತಿರಲಿಲ್ಲ. ಸತ್ತವನ ಕೆಲಸದ ಮೇಲೆ ನಂಬಿಕೆಯಿಲ್ಲದೆ ಸಿದ್ದಾರೂಢ ಎಲ್ಲವನ್ನೂ ಅಳಿಸಿ, ಕಂಪನಿಯ ಹೆಸರೊಂದನ್ನು ಹಾಗೇ ಇಟ್ಟು, ಅಕೌಂಟ್ಸ್, ಟೈಪಿಂಗ್, ಗೆಸ್ಟ್ ಎಂದು ಹೊಸದಾಗಿ ಬರೆದು ಸೇವ್ ಮಾಡಿದ.

ಕರೆಂಟು ಬಂತು. ಸ್ವಲ್ಪ ಹೊತ್ತಿಗೆಲ್ಲ ಕಂಪ್ಯೂಟರುಗಳು ಒಂದಕ್ಕೊಂದು ಮಾತು ಬಿಟ್ಟವು. ಪರದೆಯ ಮೇಲೆ ಅವನು ಬರೆದ ಒಂದು ಹೆಸರೂ ಇರಲಿಲ್ಲ. ಅದರ ಜಾಗದಲ್ಲಿ ಭೀಮರಾಯ ತನ್ನ ಸೀಮೆಯ ಊರುಗಳಿಂದ ಇಟ್ಟಿದ್ದ ಹೆಸರುಗಳು: ಸುರಪುರ, ಶಹಾಪುರ, ಯಾದಗಿರಿ.

ಮತ್ತೆ ಅಳಿಸಿದ, ಮತ್ತೆ ಬರೆದ. ಮತ್ತೆ ಸುರಪುರ. ಯಾರೋ ಸ್ವಿಚ್ಚಿನ ರ‍್ಯಾಕಿಗೆ ನಿಂಬೆಹಣ್ಣು ಕಟ್ಟಿದರು.

"ಗುರು, ಶುಕ್ರವಾರ ಕ್ಲೈಂಟ್ ಬರ್ತಾರೆ. ಅವರ ಮುಂದೆನೂ ನೆಟ್‌ವರ್ಕ್ ಬಿತ್ತು ಅಂದ್ರೆ ನೀನು ಊರಿಗೆ ಟಿಕೆಟ್ ತಗೊ," ಎಂದ ಶ್ರೀಕರ್.

"ಸೇವ್ ಮಾಡೀನ್ರಿ ಸರ್."

"ಮತ್ತೆ ಯಾರು ಅಳಿಸ್ತಾರೆ? ದೆವ್ವಾನಾ?"

ಹುಡುಗಿಯರು ಯಾರೂ ನಗಲಿಲ್ಲ.

ಸಿದ್ದಾರೂಢ ಸ್ವಿಚ್ಚನ್ನೇ ಕೇಳಿದ: ಕೊನೆಗೆ ನಿನ್ನ ತಿದ್ದಿದ್ದು ಯಾರು? ಅದು ಒಂದು ವಿಳಾಸ ಕೊಟ್ಟಿತು. ಆ ವಿಳಾಸದ ಯಂತ್ರ ಆಫೀಸಿನ ಯಾವ ಮೇಜಿನ ಮೇಲೂ ಇರಲಿಲ್ಲ. ಆಗ ಅವನಿಗೆ ಅರ್ಥವಾಯಿತು. ಒಳಗೆ ಒಂದೇ ಕಂಪನಿ ಹೆಸರು ಬರೆಸಿಕೊಂಡ ಸ್ವಿಚ್ಚುಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತವೆ. ಹೆಚ್ಚು ಸಲ ತಿದ್ದಿಸಿಕೊಂಡದ್ದು ಹಿರಿಯ. ಅದರ ಮಾತೇ ಮಾತು, ಉಳಿದವು ತಮ್ಮದನ್ನು ಮರೆಯುತ್ತವೆ. ಪ್ರತಿ ಸಲ ತೊಳೆದು ಬರೆದ ಇವನ ಸ್ವಿಚ್ಚು ಹಸುಗೂಸು. ಭೀಮರಾಯನ ಇನ್ನೊಂದು ಸ್ವಿಚ್ಚು ಇಲ್ಲೇ ಎಲ್ಲೋ ಇತ್ತು. ಯುಪಿಎಸ್ ಇಲ್ಲದೆ ಕರೆಂಟಿನ ಜೊತೆ ಸತ್ತು, ಕರೆಂಟಿನ ಜೊತೆ ಎದ್ದು, ತನ್ನ ಮಾತು ನಡೆಸುತ್ತಿತ್ತು.

"ಪಂಕಜಾ ಮೇಡಂ, ಇನ್ನೊಂದು ಸ್ವಿಚ್ ಎಲ್ಲೈತ್ರಿ?"

ಅಕೌಂಟ್ಸಿನ ಪಂಕಜಾ ತಲೆಯೆತ್ತಿ ಅವನನ್ನು ನೋಡಲಿಲ್ಲ, ಕಾರಿಡಾರಿನ ಸೀಲಿಂಗ್ ನೋಡಿದಳು.

"ಹತ್ಬೇಡ ಕಣಪ್ಪ."

"ಯಾಕ್ರಿ?"

"ಬೇಡ ಅಂದ್ನಲ್ಲ."

ಅವನು ಏಣಿ ತಂದು ಹಾಕಿದ. ಸೀಲಿಂಗಿನ ಹಲಗೆಯೊಂದನ್ನು ಸರಿಸಿ ತಲೆ ತೂರಿಸಿದ. ಕತ್ತಲಲ್ಲಿ ಹಸಿರು ದೀಪಗಳು ಮಿಟುಕುತ್ತಿದ್ದವು. ಪ್ಲೈವುಡ್ ತುಂಡಿನ ಮೇಲೆ ಸ್ವಿಚ್ಚು ಬೆಚ್ಚಗೆ ಕೂತಿತ್ತು. ಕೀಳಲು ಕೈ ಚಾಚಿದವನು ವೈರ್ ಕಂಡು ನಿಂತ. ಎರಡು ತೂತಿನ ಸಾಕೆಟ್ಟಿಗೆ ಹೊಂದಲೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನು ಯಾರೋ ಕತ್ತರಿಸಿದ್ದರು. ಇಲಿ ಕಡಿದು ಬತ್ತಲಾದ ತಾಮ್ರ, ಸ್ವಿಚ್ಚಿನ ತಗಡಿಗೆ ಒರಗಿತ್ತು. ಜೇಬಿನ ಟೆಸ್ಟರ್ ತೆಗೆದು ತಗಡಿಗೆ ತಾಗಿಸಿದ. ಕೆಂಪಗೆ ಉರಿಯಿತು. ಪಕ್ಕದಲ್ಲೊಂದು ಸ್ಕ್ರೂಡ್ರೈವರ್ ಧೂಳು ಹಿಡಿದು ಬಿದ್ದಿತ್ತು. ಅದನ್ನು ಎತ್ತಿಕೊಳ್ಳಲು ಆಮೇಲೆ ಯಾರೂ ಹತ್ತಿರಲಿಲ್ಲ.

ಕೆಳಗೆ ಪಂಕಜಾ ಏಣಿ ಹಿಡಿದು ನಿಂತಿದ್ದಳು. "ಇಲ್ಲೇ ಬಿದ್ದಿದ್ದ," ಎಂದಳು. "ಅಂಗೈ ಸುಟ್ಟು ಕರ‍್ರಗಾಗಿತ್ತು. ಹಾರ್ಟು ಅಂತ ಬರೆಸಿದ್ರು. ನಾನೂ ಸುಮ್ನಿದ್ದೆ."

ಸದ್ದು ಕೇಳಿ ಶ್ರೀಕರ್ ಬಂದ. ತೆರೆದ ಸೀಲಿಂಗ್ ನೋಡಿ ನಕ್ಕ. "ಸಿಕ್ತಾ ಪ್ರಾಬ್ಲಂ? ಸಖತ್! ಮೇನ್ ಆಫ್ ಮಾಡಿ ಅದನ್ನ ಕಿತ್ತು ಬಿಸಾಕು. ಇವತ್ತೇ ನಿನ್ನ ಪರ್ಮನೆಂಟ್ ಮಾಡ್ತೀನಿ."

ಸಿದ್ದಾರೂಢ ಆಸೆಪಟ್ಟ. ಸುಳ್ಳೇಕೆ? ಕಿತ್ತರೆ ನೆಟ್‌ವರ್ಕ್ ಬೀಳುವುದಿಲ್ಲ, ಕೆಲಸ ಉಳಿಯುತ್ತದೆ. ನಾಳೆ ಇನ್ಯಾವುದೋ ವೈರಿಗೆ ಇವನು ಕೈ ಹಾಕಿದರೆ, ಇವನದೂ ಹಾರ್ಟೇ ಆಗುತ್ತದೆ.

"ನೀವ ಬಂದು ತಗೀರಿ ಸರ್. ಮೇನ್ ಇರ್ಲಿ."

"ಏನಂದೆ?"

"ಅವಂಗ ಹಾರ್ಟ್ ಅಂದಿದ್ರಲ್ಲ? ನಿಮ್ಮದು ಗಟ್ಟಿ ಇದ್ರ ಬಂದು ಮುಟ್ರಿ."

ಶ್ರೀಕರ್‌ನ ಕೈ ಏಣಿಯ ಮೆಟ್ಟಿಲವರೆಗೆ ಬಂದು, ಹಿಂದಕ್ಕೆ ಹೋಯಿತು. ಬಾಗಿಲಲ್ಲಿ ಗುಂಪುಗೂಡಿದ್ದ ಹುಡುಗಿಯರು ಅದನ್ನು ನೋಡಿದರು.

"ಮೇಡಂ, ಅವನ ಮನಿ ಫೋನ್ ನಂಬರ್ ಐತೇನ್ರಿ?"

"ಪಂಕಜಾ, ಒಳಗೆ ಹೋಗಿ," ಎಂದ ಶ್ರೀಕರ್.

ಅವಳು ಹೋಗಲಿಲ್ಲ. "ಅವರ ಓಣಿಯ ಎಸ್‌ಟಿಡಿ ಬೂತಿಂದು," ಎಂದು ಒಂದೊಂದೇ ಅಂಕಿ ಹೇಳಿದಳು. "ಹೆಂಡತಿ ಹೆಸರು ಹುಲಿಗೆವ್ವ. ಆಫೀಸಿಗೆ ಫೋನ್ ಮಾಡಿ ಏನಾಯ್ತಕ್ಕಾ ಅಂತ ಈಗಲೂ ಕೇಳ್ತಾಳೆ."

ಶ್ರೀಕರ್ ದಡದಡನೆ ಹೋಗಿ ಮೇನ್ ಎಳೆದ. ಫ್ಯಾನುಗಳು ನಿಧಾನವಾದವು. ಸೀಲಿಂಗಿನೊಳಗಿನ ಹಸಿರು ದೀಪಗಳು ಒಟ್ಟಿಗೇ ಆರಿದವು. ಇಳಿದರೆ ಏಣಿಯೂ ಇರುವುದಿಲ್ಲ, ಸ್ವಿಚ್ಚೂ ಇರುವುದಿಲ್ಲ ಎಂದು ಸಿದ್ದಾರೂಢನಿಗೆ ಗೊತ್ತಿತ್ತು. ಏಣಿಯ ತುದಿಯಲ್ಲೇ ಕೂತು ಮೊಬೈಲ್ ಕಿವಿಗಿಟ್ಟ.

"ಹಲೋ, ಬೆಂಗಳೂರಿಂದ ರೀ. ಹುಲಿಗೆವ್ವನ್ನ ಸ್ವಲ್ಪ ಕರೀರಿ... ಇಲ್ರಿ, ಇಡಬ್ಯಾಡ್ರಿ. ಆಕಿ ಬರೂ ತನ ಕಾಯ್ತೀನಿ."