ಒಂದನೇ ವೈರು

ರಿಪೇರಿಗೆ ಕೂತು ಮೂರನೇ ದಿನ. ಮಂಡಿ ಎರಡೂ ಹಿಡಿದುಕೊಂಡಿದ್ದವು, ಸೊಂಟದ ಕಥೆ ಕೇಳಲೇಬೇಡಿ. ಅಣ್ಣನ ಟ್ರ್ಯಾಕ್ಟರು ನನಗಿಂತ ನಾಲ್ಕೇ ವರ್ಷ ಚಿಕ್ಕದು, ಹಟ ಮಾತ್ರ ನನ್ನದರ ಎರಡರಷ್ಟು. ಸಂಜೆಯೊಳಗೆ ಅದು ಶುರುವಾಗದಿದ್ದರೆ ಗುಜರಿ ಲಾರಿಗೆ ಹತ್ತಿಸುವುದೆಂದು ಅತ್ತಿಗೆ ತೀರ್ಮಾನಿಸಿಬಿಟ್ಟಿದ್ದರು. ಲಾರಿಯವನಿಗೆ ಫೋನೂ ಹೋಗಿತ್ತು.

ಅಣ್ಣ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಪಾರ್ಶ್ವವಾಯು ಹೊಡೆದ ಮೇಲೆ ಬಲಗೈ ಸ್ವಾಧೀನದಲ್ಲಿಲ್ಲ, ಮಾತು ಬಿದ್ದುಹೋಗಿದೆ. ಆದರೂ ಬೆಳಗಾದರೆ ಈ ಗಾಡಿಯ ಮುಖ ನೋಡಲೇಬೇಕು. ಇದೂ ಹೋದರೆ ಅವನು ಏನನ್ನು ನೋಡಿಕೊಂಡು ಕೂರುತ್ತಾನೆ ಎಂಬುದೇ ನನ್ನ ಸಂಕಟ.

ಮಾಡುವುದನ್ನೆಲ್ಲ ಮಾಡಿದ್ದೆ. ಪಾಯಿಂಟು ಉಜ್ಜಿ ಸಂದು ಸರಿಮಾಡಿದೆ, ಕಂಡೆನ್ಸರ್ ಬದಲಿಸಿದೆ, ನಾಲ್ಕೂ ಪ್ಲಗ್ ತೊಳೆದೆ. ಕಿಡಿ ನೀಲಿಯಾಗಿ ಹಾರುತ್ತಿತ್ತು. ಪ್ಲಗ್ಗಿನ ವೈರುಗಳನ್ನು ಕಿತ್ತಾಗಲೂ ತಲೆ ಕೆಡಿಸಿಕೊಳ್ಳಲಿಲ್ಲ. ಒಂದೊಂದಕ್ಕೂ ಅಣ್ಣ ಹಿಂದೆಯೇ ಕೈಯಾರೆ ನಂಬರಿನ ಚೀಟಿ ಕಟ್ಟಿದ್ದ. ಅದರ ಪ್ರಕಾರ ಗಾಡಿಯ ಮುಂಭಾಗದ ರೇಡಿಯೇಟರ್ ಕಡೆಯಿಂದ ಒಂದು, ಎರಡು, ಮೂರು, ನಾಲ್ಕು ಎಂದು ಸಿಕ್ಕಿಸಿದೆ. ಹ್ಯಾಂಡಲ್ ತಿರುಗಿಸಿದರೆ ಢಬ್ಬೆಂದು ಕೆಮ್ಮಿ ಸುಮ್ಮನಾಗುತ್ತಿತ್ತು.

ಪ್ರತಿ ಸಲವೂ ಅಣ್ಣ ಎಡಗೈಯ ಒಂದು ಬೆರಳು ಎತ್ತುತ್ತಿದ್ದ. ಇನ್ನೊಂದು ಸಲ ತಿರುಗಿಸು ಅಂತ ಹೇಳುತ್ತಿದ್ದಾನೆ ಎಂದುಕೊಂಡು ತಿರುಗಿಸಿದ್ದೇ ತಿರುಗಿಸಿದ್ದು. ಕೊನೆಗೆ ನನಗೂ ಪಿತ್ತ ನೆತ್ತಿಗೇರಿತು.

“ಸಾಕು ಮಾಡಣ್ಣ ನಿನ್ನ ಒಂದು! ನನ್ನ ತೋಳೇ ಬಿದ್ದುಹೋಗ್ತಿದೆ.”

ಅಣ್ಣ ಮುಖ ಆಚೆ ತಿರುಗಿಸಿದ. ಕೂಗಾಟ ಕೇಳಿ ಅತ್ತಿಗೆ ಬಂದರು. ನಂಬರಿನ ಪ್ರಕಾರವೇ ಹಾಕಿದ್ದೇನೆ, ಇನ್ನು ನನ್ನಿಂದಾಗದು ಎಂದು ವೈರು ತೋರಿಸಿದೆ. ಅವರು ಚೀಟಿ ನೋಡಿ ಹಣೆ ಚಚ್ಚಿಕೊಂಡರು.

“ಇವರಿಗೆ ಒಂದು ಅಂದ್ರೆ ಸೀಟಿನ ಪಕ್ಕದ್ದು. ಯಾವತ್ತೂ ತಾವು ಕೂತಲ್ಲಿಂದಲೇ ಎಣಿಸೋದು.”

ಹಾಗಾದರೆ ಅವನು ತೋರಿಸುತ್ತಿದ್ದದ್ದು ಒಂದನೇ ವೈರು. ನಾನು ನಾಲ್ಕನ್ನೂ ಹಿಂದುಮುಂದಾಗಿ ಹಾಕಿದ್ದೆ, ಕಿಡಿ ಹೊತ್ತಲ್ಲದ ಹೊತ್ತಿಗೆ ಹೋಗುತ್ತಿತ್ತು.

ವೈರುಗಳನ್ನು ಸೀಟಿನ ಕಡೆಯಿಂದ ಎಣಿಸಿ ಮತ್ತೆ ಸಿಕ್ಕಿಸಿದೆ. ಒಂದೇ ಸುತ್ತಿಗೆ ಗಾಡಿ ಶುರುವಾಯಿತು. ಅತ್ತಿಗೆ ಲಾರಿಯವನಿಗೆ ಬರಬೇಡ ಎಂದು ಫೋನು ಮಾಡಿದರು. ನನಗೆ ಖುಷಿಪಡಲೂ ತ್ರಾಣವಿರಲಿಲ್ಲ, ನಾಚಿಕೆಯಾಗುತ್ತಿತ್ತು. ಮೂರು ದಿನ ಅವನು ಹೇಳುತ್ತಲೇ ಇದ್ದ, ನಾನು ಗೊಣಗುತ್ತಲೇ ಇದ್ದೆ.

ಅಣ್ಣ ಮತ್ತೆ ಒಂದು ಬೆರಳು ಎತ್ತಿದ. ಈ ಸಲ ಎಲ್ಲಿಂದ ಎಣಿಸಬೇಕೆಂದು ನನಗೆ ಗೊತ್ತಿತ್ತು. ಅತ್ತಿಗೆ ಒಂದು ಕಡೆ, ನಾನೊಂದು ಕಡೆ ಹೆಗಲು ಕೊಟ್ಟು, ಏದುಸಿರು ಬಿಡುತ್ತಾ ಅವನನ್ನು ಸೀಟಿಗೆ ಹತ್ತಿಸಿದೆವು.