ಹಲಗೆಯ ಮೇಲೆ ಉಳಿದ ತಪ್ಪು

ಅಪ್ಪಣ್ಣ ಮಾಸ್ತರರು ಗೋಕಾಕ ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತಲ್ಲೇ ಲಿಂಗೈಕ್ಯರಾದರು ಎಂಬ ಸುದ್ದಿ ಮೂಡಲಗಿಗೆ ಬಂದದ್ದು ಮಂಗಳವಾರ ಮಧ್ಯಾಹ್ನ. ಸಿದ್ರಾಯನ ಹಿಟ್ಟಿನ ಗಿರಣಿ ಆಗ ಜೋಳ ಬೀಸುತ್ತಿತ್ತು. ಎದುರಿನ ಗಾಜಿನ ಅಂಗಡಿಯ ಗಜಾನನ ಓಡಿಬಂದು ಏನೋ ಹೇಳಿದ. ಗಿರಣಿಯ ಸದ್ದಿನಲ್ಲಿ ಕೇಳಿಸಲಿಲ್ಲ. ಸಿದ್ರಾಯ ಯಂತ್ರ ನಿಲ್ಲಿಸಿದ. ಗಜಾನನ ಮತ್ತೊಮ್ಮೆ ಹೇಳಿದ. ಹಿಟ್ಟು ಮೆತ್ತಿದ ತನ್ನ ಕೈಗಳನ್ನೇ ನೋಡುತ್ತ ಸಿದ್ರಾಯ ನಿಂತುಬಿಟ್ಟ. ಮೂರು ತಾಸಿನ ಹಿಂದೆಯಷ್ಟೇ ಮಾಸ್ತರರು ಹುಕ್ಕೇರಿಯಿಂದ ಫೋನು ಮಾಡಿ ಅವನೊಡನೆ ನಕ್ಕಿದ್ದರು.

ಸಿದ್ರಾಯನಿಗೆ ಎಪ್ಪತ್ತು, ಮಾಸ್ತರರು ಅವನಿಗಿಂತ ನಾಲ್ಕು ವರ್ಷ ಹಿರಿಯರು. ನಿವೃತ್ತರಾದ ಮರುದಿನವೇ ಅವರು ಗಿರಣಿಯ ಹೊರಗೋಡೆಗೆ ಒಂದು ಕಪ್ಪುಹಲಗೆ ತೂಗುಹಾಕಿ, ದಿನಕ್ಕೊಂದು ಸೋಜಿಗದ ಸಂಗತಿ ಬರೆಯತೊಡಗಿದರು. ಬೀಸಿಕೊಳ್ಳಲು ಬಂದ ಹೆಂಗಸರು ಸರದಿ ಬರುವವರೆಗೆ ಸುಮ್ಮನೆ ಕೂಡ್ರಬಾರದು ಎಂಬುದು ಅವರ ಆಸೆ. ಹದಿನಾಲ್ಕು ವರ್ಷ ಆ ಹಲಗೆ ಯಾರನ್ನೂ ಸುಮ್ಮನೆ ಕೂಡ್ರಲು ಬಿಡಲಿಲ್ಲ.

ಕಬ್ಬು ಹುಲ್ಲಿನ ಜಾತಿಗೆ ಸೇರಿದ್ದು ಎಂದು ಬರೆದ ದಿನ, ಸುತ್ತಲೂ ಕಬ್ಬು ಬೆಳೆಯುವ ಊರಿನವರು, "ಮಾಸ್ತರ, ನಾವೆಲ್ಲಾ ಹುಲ್ಲು ಮಾರಾಕತ್ತೇವೇನ್ರಿ?" ಎಂದು ಜಗಳಕ್ಕೆ ಬಂದರು. ಶುಕ್ರ ಗ್ರಹದ ಒಂದು ದಿನ ಅದರ ಒಂದು ವರ್ಷಕ್ಕಿಂತ ದೊಡ್ಡದು ಎಂದಾಗ ಶೈಲಾ ಎಂಬ ಸೊಸೆ, "ಅಯ್ಯ, ಅಲ್ಲಿ ನಮ್ಮತ್ತಿ ಇದ್ದಿದ್ರ ಬೈಗಳ ಮುಗೀತಿದ್ದಿಲ್ಲ ಬಿಡ್ರಿ" ಎಂದು ಎಲ್ಲರನ್ನೂ ನಗಿಸಿದಳು. ಮೆಣಸಿನಕಾಯಿ ಆರುನೂರು ವರ್ಷದ ಹಿಂದೆ ನಮ್ಮ ದೇಶದಲ್ಲಿ ಇರಲೇ ಇಲ್ಲ, ಕಡಲಾಚೆಯಿಂದ ಬಂತು ಎಂದಾಗ ಮಾತ್ರ ಸಿದ್ರಾಯನಿಗೇ ತಡೆಯಲಾಗಲಿಲ್ಲ.

"ಹಂಗಾದ್ರ ಬಸವಣ್ಣನವರು ಖಾರ ಉಣ್ತಿದ್ದಿಲ್ಲೇನ್ರಿ?"

"ಕರಿಮೆಣಸು ಇತ್ತಲೋ. ಅದಕ್ಕ ಅವರ ಮಾತು ಅಷ್ಟು ಹದ ಇದ್ದುವು. ನಿನ್ನಂಗ ಚಟಾಪಟಾ ಅಲ್ಲ."

ಮಾಸ್ತರರಿಗೆ ಒಂದು ವ್ರತವಿತ್ತು. ಬರೆದದ್ದು ತಪ್ಪೆಂದು ತಿಳಿದರೆ, ಮರುದಿನ ಹಲಗೆಯ ಮೇಲೆ ಹೊಸ ಸಂಗತಿ ಬರೆಯುತ್ತಿರಲಿಲ್ಲ. "ನಿನ್ನೆ ಬರೆದದ್ದು ತಪ್ಪು. ಓದಿದವರು ಕ್ಷಮಿಸಬೇಕು" ಎಂದು ಬರೆದು ಕೆಳಗೆ ಹೆಸರು ಹಾಕುತ್ತಿದ್ದರು. ಅದು ಇಡೀ ದಿನ ಹಾಗೆಯೇ ಇರಬೇಕು. ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿಯೇ ಬಂದು ಅದನ್ನು ಬರೆಯುವರು. ಊರ ಮುಂದೆ ಸುಳ್ಳು ನಿಲ್ಲಿಸಿ ಪೂಜೆಗೆ ಕುಳಿತರೆ ಕೈ ನಡುಗುತ್ತದೆ ಎನ್ನುವರು.

ಆ ಮಂಗಳವಾರ ಬೆಳಿಗ್ಗೆ, ಕಣ್ಣು ತೋರಿಸಲು ಹುಕ್ಕೇರಿಗೆ ಹೊರಡುವ ಅವಸರದಲ್ಲಿ ಅವರು ಬರೆದದ್ದು ಇದು: "ಮನುಷ್ಯ ಸತ್ತ ಮೇಲೂ ಅವನ ಉಗುರು ಮತ್ತು ಕೂದಲು ಕೆಲವು ದಿನ ಬೆಳೆಯುತ್ತವೆ."

ಹನ್ನೊಂದು ಗಂಟೆಗೆ ಫೋನು ಬಂತು.

"ಸಿದ್ರಾಯ, ಇವತ್ತಿಂದು ತಪ್ಪೈತಿ ನೋಡೋ. ಕಣ್ಣಿನ ಡಾಕ್ಟರ್‌ಗ ಹೇಳಿದೆ, ಬಿದ್ದು ಬಿದ್ದು ನಕ್ಕ. ಉಗುರು ಬೆಳೆಯೂದಿಲ್ಲಂತ. ನೀರಿನಂಶ ಹೋಗಿ ತೊಗಲು ಹಿಂದ ಸರೀತೈತಿ, ಉಗುರು ಉದ್ದ ಆದಂಗ ಕಾಣತೈತಿ, ಅಷ್ಟ."

"ಅಳಿಸಿಬಿಡ್ಲೇನ್ರಿ?"

"ಏ, ಬ್ಯಾಡ. ತಪ್ಪು ನಂದು. ನಾಳೆ ನಾನ ಬಂದು ಬರೀತೀನಿ."

ಬುಧವಾರ ಊರಿನವರು ಅವರನ್ನು ಕುಳ್ಳಿರಿಸಿ ಸಮಾಧಿ ಮಾಡಿದರು. ಮಣ್ಣು ಕೊಟ್ಟು ಮರಳಿದ ಜನ ಹಲಗೆಯ ಮುಂದೆ ನಿಂತು ಓದಿ ದಂಗಾದರು. ಮಾಸ್ತರರಿಗೆ ಮೊದಲೇ ಗೊತ್ತಾಗಿತ್ತು, ತಮ್ಮ ಬಗ್ಗೆಯೇ ಬರೆದು ಹೋದರು ಎಂದರು. ಯಾರೋ ಹಲಗೆಗೆ ಹೂವಿನ ಹಾರ ಹಾಕಿದರು. ಗಜಾನನ ಟೇಪು ಹಿಡಿದು ಅಳತೆ ತೆಗೆದುಕೊಂಡ.

"ಕಾಕಾ, ಇದನ್ನ ಯಾರೂ ಮುಟ್ಟಬಾರದು. ಐತವಾರ ಅವರ ಹೆಸರಲೆ ಗಣಾರಾಧನೆ ಊಟ ಐತಲ್ಲ, ಅವತ್ತ ಗಾಜು ಕೂಡ್ರಿಸ್ತೇನಿ. ನನ್ನ ಕಡಿಂದ ಮಾಸ್ತರಿಗಿ ಅದೊಂದು ಸೇವಾ."

ಸಿದ್ರಾಯ ತಲೆ ಅಲ್ಲಾಡಿಸಿದ. ಹೌದೆಂದೋ ಬೇಡವೆಂದೋ ಅವನಿಗೇ ತಿಳಿಯಲಿಲ್ಲ. ಅವನಿಗೆ ಸಾಕಾಗಿ ಹೋಗಿತ್ತು. ಎರಡು ದಿನ ಗಿರಣಿಗೆ ಬಂದ. ಕಾಳು ಸುರಿದ, ಹಿಟ್ಟು ತುಂಬಿದ, ಸಂಜೆ ಮಾಸ್ತರರ ಪಡಸಾಲೆಯಲ್ಲಿ ಮಂದಿಯ ನಡುವೆ ಕುಳಿತೆದ್ದು ಮನೆಗೆ ಹೋದ. ಹೋಗುವಾಗ ಬರುವಾಗ ಆ ಸಾಲು ಕಣ್ಣಿಗೆ ಬೀಳುತ್ತಿತ್ತು. ಗಾಜು ಕೂಡ್ರಿಸಿದರೆ ಮಾಸ್ತರರ ತಪ್ಪು ಅವರ ಹೆಸರಿನಲ್ಲಿ ಊರಿರುವ ತನಕ ನಿಲ್ಲುತ್ತದೆ. ಅಳಿಸಿದರೆ ಅವರ ಕೊನೆಯ ಕೈಬರಹ ಹೋಗುತ್ತದೆ, ಊರು ಬೈಯುತ್ತದೆ. ಪೂಜೆಗೆ ಕುಳಿತರೆ ಅಂಗೈಯ ಲಿಂಗ ನಿಲ್ಲದು, ಕೈ ನಡುಗುತ್ತಿತ್ತು.

ಗಣಾರಾಧನೆಯ ಹಿಂದಿನ ದಿನ ಅವನು ಮತ್ತೆ ಮಾಸ್ತರರ ಮನೆಗೆ ಹೋದ. ಅವರ ಹೆಂಡತಿ ಯಮನವ್ವ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದಳು. ಅತ್ತು ಅತ್ತು ಸೋತಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಅವಳೇ ಮಾತು ತೆಗೆದಳು.

"ಅಣ್ಣಾ, ಹಲಗಿ ಮ್ಯಾಲ ಬರದಾರಲ್ಲ, ಅದ ನನಗ ಆಧಾರ ಆಗೇತಿ. ಮಣ್ಣಾಗ ಕುಂತಾರ, ಆದ್ರ ಇನ್ನೂ ಒಂದೀಟು ಬೆಳೆಯಾಕತ್ತಾರ ಅಂತ ಅನಸ್ತೈತಿ. ಪೂರಾ ಹೋಗಿಲ್ಲ ಅಂತ."

ಸಿದ್ರಾಯನಿಗೆ ಎದ್ದು ಹೋಗಿಬಿಡೋಣ ಎನಿಸಿತು. ಮೊಣಕಾಲು ಹಿಡಿದು ಅಲ್ಲೇ ಕುಳಿತ. "ವೈನಿ, ಅದು ತಪ್ಪೈತಿ" ಎಂದ.

"ಏನು ತಪ್ಪು?"

"ಉಗುರು ಬೆಳೆಯೂದಿಲ್ಲಂತ. ಮಾಸ್ತರ ಹೇಳ್ಯಾರ. ಹುಕ್ಕೇರಿಯಿಂದ ಫೋನ್ ಮಾಡಿದ್ರು."

ಯಮನವ್ವ ನೆಟ್ಟಗೆ ಕುಳಿತಳು. "ಯಾವಾಗ ಮಾಡಿದ್ರು?"

"ಅವತ್ತ, ಹನ್ನೊಂದಕ್ಕ."

"ನಾಕು ದಿನ ಆತು! ಇಷ್ಟು ಮಂದಿ ಬಂದು ಹೋದರು, ನೀವೂ ದಿನಾ ಬಂದು ಕುಂತು ಹೋದ್ರಿ. ಅವರು ಕಡೀಗೆ ಏನಂದ್ರು ಅಂತ ನಾ ಗೋಡಿಗಿ ಕೇಳಾಕತ್ತಿದ್ದೆ. ಬಾಯಾಗ ಇಟಗೊಂಡು ಕುಂತಿದ್ರೇನು?"

"ಮಂದಿ ಹಾರ ಹಾಕಿದ್ರು, ಹೆಂಗ ಹೇಳ್ಲಿ ಅಂತಿದ್ದೆ. ಈಗ ನಿಮ್ಮ ಆಧಾರನೂ ಹೋಗ್ತೈತಿ, ವೈನಿ."

"ಅದು ಬ್ಯಾಡ ಬಿಡ್ರಿ. ಅವರು ಅಂದದ್ದು ಹೇಳ್ರಿ. ಒಂದೂ ಬಿಡಬ್ಯಾಡ್ರಿ."

ಅವನು ಹೇಳಿದ. ಡಾಕ್ಟರು ನಕ್ಕದ್ದು, ತೊಗಲು ಸರಿಯುವುದು, ತಪ್ಪು ತಮ್ಮದೆಂದು ಮಾಸ್ತರರು ಅಂದದ್ದು, ಎಲ್ಲ. ಅವಳು ಮತ್ತೊಮ್ಮೆ ಹೇಳಿಸಿದಳು.

"ಅವರೂ ನಗತಿದ್ರೇನು?"

"ನಕ್ಕರು. ನಕ್ಕು ಕೆಮ್ಮಿದರು."

"ಹೂಂ. ನಕ್ಕರ ಅವರಿಗಿ ಕೆಮ್ಮು ಬರತಿತ್ತು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನಾಳೆ ಬರೀತೀನಿ ಅಂದ್ರಲ್ಲ, ಆ ನಾಳೆ ಹೋಗಿ ಮೂರು ದಿನ ಆತು. ನಡೀರಿ."

"ಮಂದಿ ಬೈತಾರ. ನನ್ನ ಅಕ್ಷರಾನೂ ನೆಟ್ಟಗಿಲ್ಲ. ನಾಕನೇ ಇಯತ್ತೆ ತನಕ ಕಲತಾಂವ ನಾ."

"ಬೈದ್ರ ನನಗ ಬೈಲಿ."

ಮರುದಿನ ನಸುಕಿನಲ್ಲಿ ಇಬ್ಬರೂ ಸ್ನಾನ, ಪೂಜೆ ಮುಗಿಸಿ ಗಿರಣಿಗೆ ಬಂದರು. ಗಾಜು ಹೊತ್ತು ನಿಂತಿದ್ದ ಗಜಾನನ ಯಮನವ್ವನ ಕೈಯ ಒದ್ದೆ ಅರಿವೆ ನೋಡಿ, "ಅಜ್ಜೀ, ಅಳಿಸಬ್ಯಾಡ್ರಿ! ಅವರ ಕೈ ಅಕ್ಷರ ಅದು!" ಎಂದು ಅಡ್ಡ ಬಂದ.

"ಕೈ ಅಕ್ಷರ ನನಗ ಬ್ಯಾಡಾಗೇತೇನೋ ತಮ್ಮಾ?" ಎಂದಳು ಯಮನವ್ವ. "ಮನ್ಯಾಗ ಅವರು ಬರದ ವಹಿ ಒಂದು ಟ್ರಂಕು ತುಂಬ ಅದಾವ. ಇದು ತಪ್ಪೈತಿ, ತಿದ್ದತೀನಿ ಅಂದದ್ದು ಅವರ ಮಾತು. ಆ ಕಡೆ ಸರಿ."

ಗಜಾನನ ಸರಿದ. ಹಾರ ತೆಗೆದು ಪಕ್ಕಕ್ಕಿಟ್ಟು, ಅವಳೇ ಒದ್ದೆ ಅರಿವೆಯಿಂದ ಹಲಗೆ ಒರೆಸಿದಳು. ಅವಸರ ಮಾಡಲಿಲ್ಲ, ಒಂದೊಂದೇ ಅಕ್ಷರವನ್ನು ನೋಡಿ ಒರೆಸಿದಳು. ಸಿದ್ರಾಯ ಬಳಪ ಹಿಡಿದು ಬರೆದ. ಸಾಲು ಏರಿಳಿಯಿತು.

"ಮಂಗಳವಾರ ಬರೆದದ್ದು ತಪ್ಪು. ಸತ್ತ ಮೇಲೆ ಉಗುರು ಕೂದಲು ಬೆಳೆಯುವುದಿಲ್ಲ. ತೊಗಲು ಒಣಗಿ ಹಿಂದೆ ಸರಿಯುವುದರಿಂದ ಹಾಗೆ ಕಾಣುತ್ತದೆ. ಓದಿದವರು ಕ್ಷಮಿಸಬೇಕು."

ಕೆಳಗೆ ಮಾಸ್ತರರ ಹೆಸರನ್ನೇ ಹಾಕಿದ. ಯಮನವ್ವ ಬೆರಳಿಟ್ಟು ಪೂರ್ತಿ ಓದಿ ಕಟ್ಟೆಯ ಮೇಲೆ ಕುಳಿತಳು. ಸಿದ್ರಾಯ ಅವಳ ಪಕ್ಕದಲ್ಲಿ ದಣಿದು ಕುಸಿದು, ಕೊರಳ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕಣ್ಣು ಮುಚ್ಚಿದ.

"ತಂದೇ, ನಮ್ಮ ಮಾಸ್ತರು ನಿನ್ನ ಕಡೆ ಬಂದಾರ. ಬಾಳ ದಣದಾರ. ಬಸ್ಸಿಗಿ ಕಾದು ಕಾದು ಕುಂತಲ್ಲೇ ಬಂದಾರ. ನಿನ್ನ ಬಾಜೂಕ ಒಂದೀಟು ಜಾಗ ಕೊಡು. ತಪ್ಪಿದ್ರ ಮನ್ನಿಸು. ಆ ಜೀವಕ್ಕ ಶಾಂತಿ ಕೊಡು, ಶಿವನೇ, ಶಾಂತಿ ಕೊಡು."